ಅಪ್‌ಡೇಟ್: ಶಿಶುಗಳ ಲಸಿಕೆ ಲೆಕ್ಕಕ್ಕೆ ಕೊನೆಗೂ ದಾರಿ ಸಿಕ್ಕಿತು

ಗದಗಿನ ನಮ್ಮ ಚಿಕ್ಕ ಕ್ಲಿನಿಕ್ಕಿನಲ್ಲಿ ರಿಜಿಸ್ಟರ್ ತಿರುವಿ ತಿರುವಿ ಸಾಕಾಗಿದೆ, ಯಾವ ಮಗುವಿಗೆ ಲಸಿಕೆ ಬಾಕಿ ಎಂದು ತಿಳಿಯಲು ಸುಲಭ ಉಪಾಯ ಹೇಳಿ ಎಂದು ಕೇಳಿದ್ದೆ.

ಬಂದ ಸಲಹೆಗಳಲ್ಲಿ ಗೆದ್ದದ್ದು ಗೂಗಲ್ ಶೀಟ್. ದಿನ ಮೀರಿದರೆ ಆ ಮಗುವಿನ ಸಾಲು ತಾನೇ ಕೆಂಪಾಗುತ್ತದೆ. ಆದರೆ ಎಲ್ಲವನ್ನೂ ಹುಟ್ಟಿದ ದಿನದಿಂದ 6, 10, 14 ವಾರ ಎಂದೇ ಎಣಿಸುವ ಸೂತ್ರ ತಡವಾಗಿ ಬಂದ ಮಕ್ಕಳಿಗೆ ಹೊಂದಲಿಲ್ಲ. ಐದು ರೋಗಗಳನ್ನು ತಡೆಯುವ ಪೆಂಟಾವೇಲೆಂಟ್ ಲಸಿಕೆಯ ಡೋಸ್‌ಗಳ ನಡುವೆ ಕನಿಷ್ಠ ನಾಲ್ಕು ವಾರ ಬೇಕು. ಹಾಗಾಗಿ ಹಿಂದಿನ ಡೋಸ್ ಕೊಟ್ಟ ದಿನಾಂಕಕ್ಕೆ 28 ದಿನ ಕೂಡಿಸುತ್ತೇವೆ. 9 ತಿಂಗಳ ದಡಾರ-ರುಬೆಲ್ಲಾ ಲಸಿಕೆಗೆ ಹುಟ್ಟಿದ ದಿನವೇ ಆಧಾರ. ತಡವಾಯಿತೆಂದು ಮತ್ತೆ ಮೊದಲಿನಿಂದ ಶುರು ಮಾಡಬೇಕಿಲ್ಲ ಎಂಬುದು ಅನೇಕ ತಾಯಂದಿರಿಗೆ ಗೊತ್ತೇ ಇರಲಿಲ್ಲ.

ವಾಟ್ಸಾಪ್ ಗುಂಪಿನಲ್ಲಿ ನೆನಪಿಸಿ ಎಂಬ ಸಲಹೆ ಕೈಕೊಟ್ಟಿತು. ಶುಭೋದಯದ ಹೂವುಗಳ ನಡುವೆ ನಮ್ಮ ಸಂದೇಶವನ್ನು ಯಾರು ಓದುತ್ತಾರೆ?

ನಾನು ಊಹಿಸದ ತೊಡಕು ಬಾಣಂತನದ್ದು. ತವರಿನಲ್ಲಿದ್ದಾಗ ಬರೆಸಿದ ನಂಬರ್ ಅಪ್ಪನದೋ ಅಣ್ಣನದೋ ಆಗಿರುತ್ತದೆ. ತಿಂಗಳುಗಳ ನಂತರ ಕರೆ ಮಾಡಿದರೆ, ‘ಅವಳು ಗಂಡನ ಮನೆಗೆ, ರೋಣಕ್ಕೆ ಹೋದಳಲ್ಲ’ ಎನ್ನುತ್ತಾರೆ! ಈಗ ಎರಡೂ ಮನೆಗಳ ನಂಬರಿಗೆ ಕಾಲಂ ಇದೆ. ‘ತಾಯಿ ಕಾರ್ಡ್’ನಲ್ಲಿ, ಅಂದರೆ ತಾಯಿಯ ಬಳಿ ಇರುವ ಲಸಿಕೆ ದಾಖಲೆಯಲ್ಲಿ, ಬರೆಯುವುದನ್ನು ನಾವು ಬಿಟ್ಟಿಲ್ಲ. ಮಗು ಊರು ಬದಲಿಸಿದರೆ ಜೊತೆಗೆ ಹೋಗುವುದು ಅದೇ.