ಟಿವಿಯ ಯುಎಸ್‌ಬಿ ಪೋರ್ಟಿನಿಂದ ಸ್ಟ್ರೀಮಿಂಗ್ ಸ್ಟಿಕ್: ಅಡಾಪ್ಟರ್ ಹಾಕಿದರೂ ವಿದ್ಯುತ್ ಸಾಲದು ಎನ್ನುತ್ತಿದೆ, ಏಕೆ?

ಮುಧೋಳದ ವೀಕ್ಷಕ

ಎಲ್ಲರಿಗೂ ನಮಸ್ಕಾರ. ಮನೆಗೆ ಬಣ್ಣ ಹಚ್ಚಿಸಿದ ಸಂದರ್ಭದಲ್ಲಿ, ಅದುವರೆಗೆ ಮೇಜಿನ ಮೇಲಿದ್ದ ನಮ್ಮ 43 ಇಂಚಿನ ಹಳೆಯ ಟಿವಿಯನ್ನು ಗೋಡೆಗೆ ಹಾಕಿಸಿದೆವು. ಅದರಲ್ಲಿ ಇಂಟರ್‌ನೆಟ್ ಸೌಲಭ್ಯವಿಲ್ಲದ ಕಾರಣ ಎಚ್‌ಡಿಎಂಐ ಪೋರ್ಟಿಗೆ ಸಿಕ್ಕಿಸುವ ಸ್ಟ್ರೀಮಿಂಗ್ ಸ್ಟಿಕ್ ಒಂದನ್ನು ಕೊಂಡಿದ್ದೇನೆ. ಟಿವಿಯ ಹಿಂದೆ ಇರುವುದು ಒಂದೇ ಸಾಕೆಟ್. ಅದನ್ನು ಟಿವಿಯ ಪ್ಲಗ್ಗೇ ಹಿಡಿದಿದೆ. ಆದ್ದರಿಂದ ಅಂಗಡಿಯವರ ಮಾತಿನಂತೆ ಸ್ಟಿಕ್‌ನ ಕೇಬಲನ್ನು ಟಿವಿಯ ಯುಎಸ್‌ಬಿ ಪೋರ್ಟಿಗೆ ಜೋಡಿಸಿದೆ. ಮೆನು ತೆರೆಯುತ್ತದೆ, ಹಾಡುಗಳೂ ಬರುತ್ತವೆ. ಆದರೆ ಕ್ರಿಕೆಟ್ ಪಂದ್ಯ ಹಾಕಿದ ಹತ್ತು ಹದಿನೈದು ನಿಮಿಷಕ್ಕೆ ಸ್ಟಿಕ್ ತಾನಾಗಿಯೇ ರೀಸ್ಟಾರ್ಟ್ ಆಗುತ್ತದೆ; ಕೆಲವೊಮ್ಮೆ ವಿದ್ಯುತ್ ಸಾಲದು ಎಂಬ ಸೂಚನೆಯೂ ಪರದೆಯ ಮೇಲೆ ಬರುತ್ತದೆ.

ಇದರಿಂದ ಬೇಸತ್ತು ಮೂರು ಮೀಟರಿನ ಯುಎಸ್‌ಬಿ ಕೇಬಲ್ ತಂದು, ಶೋಕೇಸಿನ ಬಳಿಯ ಬೋರ್ಡಿನಲ್ಲಿ ಸ್ಟಿಕ್‌ನದೇ ಅಡಾಪ್ಟರ್ ಹಾಕಿ ನೋಡಿದೆ. ಆಗಲೂ ಅದೇ ಸೂಚನೆ ಬಂತು. ಅಡಾಪ್ಟರ್ ಕೆಟ್ಟಿರಬಹುದೇ? ಎಚ್‌ಡಿಎಂಐ ಪೋರ್ಟಿನಿಂದಲೇ ವಿದ್ಯುತ್ ಪಡೆಯಲು ಬರುವುದಿಲ್ಲವೇ? ತಿಳಿದವರು ದಯವಿಟ್ಟು ತಿಳಿಸಬೇಕು.

ವಿಜಯಪುರದ ರಿಪೇರಿಯವ

ಸರ್, ನಿಮ್ಮ ಅಡಾಪ್ಟರ್ ಕೆಟ್ಟಿರುವ ಸಾಧ್ಯತೆ ಕಡಿಮೆ. ಎರಡು ಸಲವೂ ಸೂಚನೆ ಒಂದೇ ಬಂದಿದ್ದರೂ ಅದರ ಕಾರಣಗಳು ಬೇರೆ ಬೇರೆ ಎಂದು ನನ್ನ ಅಭಿಪ್ರಾಯ.

ಮೊದಲು ಟಿವಿಯ ಪೋರ್ಟ್. ಯುಎಸ್‌ಬಿ 2.0 ಮಾನದಂಡದ ಪ್ರಕಾರ ಒಂದು ಪೋರ್ಟ್ 5 ವೋಲ್ಟ್‌ನಲ್ಲಿ ಹೆಚ್ಚೆಂದರೆ 500 ಮಿಲಿಆಂಪಿಯರ್, ಅಂದರೆ 2.5 ವ್ಯಾಟ್ ಕೊಡಬೇಕು. ಪೆನ್‌ಡ್ರೈವ್ ಹಾಕಿ ಮದುವೆಯ ವಿಡಿಯೊ ನೋಡುವುದಕ್ಕೆ ಅಷ್ಟು ಸಾಕು. ಸ್ಟಿಕ್‌ಗಳ ಜೊತೆ ಸಾಮಾನ್ಯವಾಗಿ ಬರುವುದು 5 ವೋಲ್ಟ್, 1 ಆಂಪಿಯರಿನ ಅಡಾಪ್ಟರ್, ಅಂದರೆ ಅದರ ಎರಡರಷ್ಟು. ಸ್ಟಿಕ್ ಸದಾಕಾಲ ಅಷ್ಟನ್ನು ಎಳೆಯುತ್ತದೆ ಎಂದಲ್ಲ. ಮೆನುವಿನಲ್ಲಿ ಸುಮ್ಮನಿದ್ದಾಗ ಅದರ ಬೇಡಿಕೆ ಅರ್ಧ ಆಂಪಿಯರಿನೊಳಗೇ ಇರಬಹುದು. ಆದರೆ ವೈ-ಫೈ ಮೂಲಕ ಎಡೆಬಿಡದೆ ಮಾಹಿತಿ ತರಿಸಿಕೊಳ್ಳುತ್ತಾ ಹೆಚ್ಚು ಸ್ಪಷ್ಟತೆಯ ಚಿತ್ರವನ್ನು ಬಿಡಿಸಬೇಕಾದಾಗ ಅದು ಕ್ಷಣಕಾಲ ಮೇಲಕ್ಕೆ ಜಿಗಿಯುತ್ತದೆ. ಆ ಕ್ಷಣದಲ್ಲಿ ಪೋರ್ಟಿನ ವೋಲ್ಟೇಜ್ ಕುಸಿದರೆ ಪ್ರೊಸೆಸರ್ ರೀಸೆಟ್ ಆಗುತ್ತದೆ. ಹಾಡಿಗೆ ನಡೆದದ್ದು ಪಂದ್ಯಕ್ಕೆ ನಡೆಯದಿರಲು ಇದೇ ಕಾರಣ.

ಇನ್ನು ಮೂರು ಮೀಟರಿನ ಕೇಬಲ್. ಅಗ್ಗದ ಯುಎಸ್‌ಬಿ ಕೇಬಲ್‌ಗಳಲ್ಲಿ ಹೆಚ್ಚಾಗಿ 28 ಎಡಬ್ಲ್ಯೂಜಿಯ (ಇದು ತಂತಿಯ ದಪ್ಪದ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ತಂತಿ ತೆಳು) ಕೂದಲೆಳೆಯಂತಹ ತಂತಿ ಇರುತ್ತದೆ. ಅದರ ರೋಧ, ಅಂದರೆ ವಿದ್ಯುತ್ತಿನ ಹರಿವಿಗೆ ಅದು ಒಡ್ಡುವ ತಡೆ, ಮೀಟರಿಗೆ ಸುಮಾರು 0.213 ಓಮ್. ವಿದ್ಯುತ್ ಹೋಗಿ ಮರಳಿ ಬರಬೇಕಾದ್ದರಿಂದ ನಿಮ್ಮ ಮೂರು ಮೀಟರ್ ಲೆಕ್ಕದಲ್ಲಿ ಆರು ಮೀಟರಾಗುತ್ತದೆ, ಒಟ್ಟು ರೋಧ 1.28 ಓಮ್. ಸ್ಟಿಕ್ ಅರ್ಧ ಆಂಪಿಯರ್ ಎಳೆದಾಗಲೇ ತಂತಿಯಲ್ಲಿ 0.64 ವೋಲ್ಟ್ ಸೋರಿಹೋಗಿ, 5ರ ಬದಲು 4.36 ವೋಲ್ಟ್ ಮಾತ್ರ ತಲುಪುತ್ತದೆ. ಒಂದು ಆಂಪಿಯರಿಗೆ ಜಿಗಿದರೆ ಉಳಿಯುವುದು 3.7. ಮುಧೋಳದವರಿಗೆ ಕಾಲುವೆಯ ಮಾತು ನಾನು ಹೇಳಬೇಕಾಗಿಲ್ಲ: ಘಟಪ್ರಭೆಯಲ್ಲಿ ನೀರು ಬಿಟ್ಟರೂ ಕಾಲುವೆಯ ಕೊನೆಯಂಚಿನ ಹೊಲಕ್ಕೆ ತಲುಪುವುದು ಎಷ್ಟು ಎಂಬುದೇ ಮುಖ್ಯ. ನಿಮ್ಮ ಅಡಾಪ್ಟರ್ ಸರಿಯಾಗಿಯೇ ಬಿಡುತ್ತಿದೆ, ಕಾಲುವೆ ಸಣ್ಣದು.

24 ಎಡಬ್ಲ್ಯೂಜಿಯ ದಪ್ಪ ಕೇಬಲಿನಲ್ಲಿ ಈ ಸೋರಿಕೆ ಒಂದು ಆಂಪಿಯರಿಗೆ ಅರ್ಧ ವೋಲ್ಟಿನಷ್ಟಕ್ಕೆ ಇಳಿಯುತ್ತದೆ. ಆದರೆ ಅದಕ್ಕಿಂತ ಉತ್ತಮವಾದದ್ದು ದೂರವನ್ನು 5 ವೋಲ್ಟ್‌ನಿಂದ ದಾಟಿಸದೆ 230 ವೋಲ್ಟ್‌ನಿಂದ ದಾಟಿಸುವುದು. 5 ವ್ಯಾಟ್ ಎಂದರೆ 230 ವೋಲ್ಟ್‌ನಲ್ಲಿ ಸುಮಾರು 22 ಮಿಲಿಆಂಪಿಯರ್ ಅಷ್ಟೇ. ಅಷ್ಟಕ್ಕೆ ಎಕ್ಸ್‌ಟೆನ್ಷನ್ ಬೋರ್ಡಿನ ತಂತಿಯಲ್ಲಿ ನಷ್ಟವೆಂಬುದೇ ಇರುವುದಿಲ್ಲ. ಬೋರ್ಡನ್ನು ಟಿವಿಯ ಹತ್ತಿರ ತಂದು, ಅಡಾಪ್ಟರನ್ನು ಅಲ್ಲಿ ಹಾಕಿ, ಸ್ಟಿಕ್‌ನ ಜೊತೆ ಬಂದ ಚಿಕ್ಕ ಕೇಬಲನ್ನೇ ಬಳಸಿರಿ.

ಎಚ್‌ಡಿಎಂಐ ಪೋರ್ಟಿನಿಂದ ವಿದ್ಯುತ್ ಬರುವುದಿಲ್ಲ. ಅದರಲ್ಲಿ 5 ವೋಲ್ಟ್‌ನ ಒಂದು ಗೆರೆ ಇರುವುದು ನಿಜವಾದರೂ, ಅದನ್ನು ಕೊಡಬೇಕಾದದ್ದು ಚಿತ್ರ ಕಳುಹಿಸುವ ಸಾಧನ, ಅಂದರೆ ಸ್ಟಿಕ್, ಪಡೆಯುವುದು ಟಿವಿ. ಅದೂ 55 ಮಿಲಿಆಂಪಿಯರಿನ ಮಾತು.

ಟಿಳಕವಾಡಿ ಬೆಳಗಾವಿ

ರಿಪೇರಿಯವರ ಲೆಕ್ಕವನ್ನು ಒಪ್ಪುತ್ತೇನೆ. ಆದರೂ ಟಿವಿಯ ಪೋರ್ಟ್ ಬೇಡವೇ ಬೇಡ ಎಂಬ ತೀರ್ಮಾನಕ್ಕೆ ಬರಬೇಕಾಗಿಲ್ಲ. 2013ರಲ್ಲಿ ಬಂದ ಮೊದಲ ತಲೆಮಾರಿನ ಕ್ರೋಮ್‌ಕಾಸ್ಟ್ (ಗೂಗಲ್‌ನ ಇಂತಹದೇ ಸ್ಟ್ರೀಮಿಂಗ್ ಸಾಧನ) ನಮ್ಮ ಮನೆಯಲ್ಲಿ ವರ್ಷಗಟ್ಟಲೆ ಟಿವಿಯ ಯುಎಸ್‌ಬಿಯಿಂದಲೇ ನಡೆದಿದೆ, ಒಮ್ಮೆಯೂ ತೊಂದರೆ ಕೊಟ್ಟಿಲ್ಲ. 4ಕೆ ತೋರಿಸುವ ಇತ್ತೀಚಿನ ಸಾಧನಗಳ ಹಸಿವು ಹೆಚ್ಚು, ಆ ಮಾತು ಬೇರೆ. ಟಿವಿಯಲ್ಲಿ ಎರಡು ಯುಎಸ್‌ಬಿ ಪೋರ್ಟ್‌ಗಳಿದ್ದರೆ ಅವುಗಳ ಪಕ್ಕದ ಬರಹವನ್ನು ಟಾರ್ಚ್ ಹಿಡಿದು ಓದಿರಿ. ಹಾರ್ಡ್‌ಡಿಸ್ಕ್‌ಗೆ ಮೀಸಲಾದ ಪೋರ್ಟಿನ ಪಕ್ಕದಲ್ಲಿ ಕೆಲವು ಟಿವಿಗಳು 1 ಆಂಪಿಯರ್ ಎಂದೇ ಮುದ್ರಿಸಿರುತ್ತವೆ. ಯುಎಸ್‌ಬಿ 3.0 ಆಗಿದ್ದರೆ 900 ಮಿಲಿಆಂಪಿಯರಿನವರೆಗೆ ಅವಕಾಶವಿರುತ್ತದೆ.

ಮುಧೋಳದ ವೀಕ್ಷಕ

ಇಬ್ಬರಿಗೂ ಧನ್ಯವಾದಗಳು. ಟಾರ್ಚ್ ಹಿಡಿದು ನೋಡಿದಾಗ ಒಂದು ಪೋರ್ಟಿನ ಪಕ್ಕದಲ್ಲಿ 0.5 ಆಂಪಿಯರ್ ಎಂದೂ ಇನ್ನೊಂದರ ಪಕ್ಕದಲ್ಲಿ ಎಚ್‌ಡಿಡಿ, 1 ಆಂಪಿಯರ್ ಎಂದೂ ಇರುವುದು ಕಂಡಿತು. ನಾನು ಇಷ್ಟು ದಿನ ಬಳಸಿದ್ದು ಮೊದಲನೆಯದನ್ನು. ಚಿಕ್ಕ ಕೇಬಲಿನಿಂದ ಎರಡನೆಯದಕ್ಕೆ ಜೋಡಿಸಿದ ಮೇಲೆ ನಿನ್ನೆ ಇಡೀ ಪಂದ್ಯ ಅಡ್ಡಿಯಿಲ್ಲದೆ ನಡೆಯಿತು.

ಆದರೆ ಟಿವಿ ಆಫ್ ಮಾಡಿದೊಡನೆ ಸ್ಟಿಕ್ ಕೂಡ ಆಫ್ ಆಗುತ್ತದೆ. ಮತ್ತೆ ಹಚ್ಚಿದಾಗ ಅದು ಮೊದಲಿನಿಂದ ಏಳಲು ಒಂದು ನಿಮಿಷ ತೆಗೆದುಕೊಳ್ಳುತ್ತದೆ, ಅಷ್ಟರಲ್ಲಿ ನಮ್ಮ ಅವ್ವ ರಿಮೋಟ್ ಕೆಳಗಿಟ್ಟು ಒಳಗೆ ಹೋಗಿರುತ್ತಾರೆ. ಹೀಗೆ ದಿನಕ್ಕೆ ನಾಲ್ಕೈದು ಸಲ ವಿದ್ಯುತ್ ಕತ್ತರಿಸುವುದರಿಂದ ಸ್ಟಿಕ್‌ಗೆ ಹಾನಿಯುಂಟೇ? ಅಡಾಪ್ಟರಿನಲ್ಲಿ ಹಗಲುರಾತ್ರಿ ಚಾಲೂ ಇಟ್ಟರೆ ಬಿಲ್ ಹೆಚ್ಚುವುದಿಲ್ಲವೇ?

ವಿಜಯಪುರದ ರಿಪೇರಿಯವ

ಸುಮ್ಮನಿದ್ದಾಗ ಕರೆಂಟ್ ಹೋದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಸಾಫ್ಟ್‌ವೇರ್ ಅಪ್‌ಡೇಟ್ ಬರೆಯಿಸಿಕೊಳ್ಳುತ್ತಿರುವಾಗ ಹೋದರೆ ಮಾತ್ರ ಕಷ್ಟ. ಇಂತಹ ಸಾಧನಗಳು ಅಪ್‌ಡೇಟ್ ಮಾಡಿಕೊಳ್ಳಲು ಹುಡುಕುವುದು ನಾವು ನೋಡದೆ ಬಿಟ್ಟಿರುವ ಹೊತ್ತನ್ನೇ. ಟಿವಿಯ ಪೋರ್ಟಿಗೆ ಕಟ್ಟಿಹಾಕಿದ ಸ್ಟಿಕ್‌ಗೆ ಆ ಹೊತ್ತು ಸಿಗುವುದೇ ಇಲ್ಲ, ಆದ್ದರಿಂದ ನೀವು ಪಂದ್ಯ ನೋಡುವಾಗಲೇ ಅದು ಕೆಲಸ ತೆಗೆಯುತ್ತದೆ.

ಬಿಲ್ಲಿನ ಚಿಂತೆ ಬೇಡ. ಸುಮ್ಮನಿರುವ ಸ್ಟಿಕ್ 2 ವ್ಯಾಟ್ ಎಳೆಯುತ್ತದೆ ಎಂದೇ ಹಿಡಿದರೂ 30 ದಿನಕ್ಕೆ 1.44 ಯೂನಿಟ್ ಆಗುತ್ತದೆ. ಅಡಾಪ್ಟರ್ ಕಳೆದುಹೋಗಿದ್ದರೆ ಮೊಬೈಲಿನ ವೇಗದ ಚಾರ್ಜರನ್ನೂ ಬಳಸಬಹುದು. ಸಾಧನ ಕೇಳಿದ ಹೊರತು ಅದು 5 ವೋಲ್ಟ್ ಮೀರುವುದಿಲ್ಲ. ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತಿಲ್ಲದ ಬಿಡಿ ಅಡಾಪ್ಟರ್ ಮಾತ್ರ ಕೊಳ್ಳಬೇಡಿ. ಇನ್ನೊಂದು ಮಾತು: ನಮ್ಮ ಕಡೆಯ ಬೇಸಿಗೆಯಲ್ಲಿ 40 ಡಿಗ್ರಿ ದಾಟಿದಾಗ ಟಿವಿಯ ಬೆನ್ನಿಗೆ ಅಂಟಿಕೊಂಡ ಸ್ಟಿಕ್ ಬಿಸಿಯಿಂದಲೂ ರೀಸ್ಟಾರ್ಟ್ ಆಗುತ್ತದೆ. ಡಬ್ಬಿಯಲ್ಲಿ ಬಂದಿರುವ ಗೇಣುದ್ದದ ಎಚ್‌ಡಿಎಂಐ ಎಕ್ಸ್‌ಟೆಂಡರನ್ನು ಬಳಸಿ ಅದನ್ನು ಸ್ವಲ್ಪ ಹೊರಗೆ ತೂಗುಬಿಡಿ. ವೈ-ಫೈ ಕೂಡ ಸುಧಾರಿಸೀತು.

ಮುಧೋಳದ ವೀಕ್ಷಕ

ಇಂದು ಎಕ್ಸ್‌ಟೆನ್ಷನ್ ಬೋರ್ಡ್ ತಂದು ಟಿವಿಯ ಕೆಳಗೆ ಗೋಡೆಗೆ ಬಡಿಸಿದೆ. ಹಿಂದಿನ ಸಾಕೆಟ್‌ನಲ್ಲಿ ಮಲ್ಟಿಪ್ಲಗ್ ಹಾಕೋಣವೆಂದರೆ ಟಿವಿಗೂ ಗೋಡೆಗೂ ನಡುವೆ ಎರಡು ಬೆರಳಿನಷ್ಟು ಜಾಗವೂ ಇರಲಿಲ್ಲ. ಈಗ ಸ್ಟಿಕ್ ಅಡಾಪ್ಟರಿನಿಂದ ನಡೆಯುತ್ತಿದೆ. ಗುಂಡಿ ಒತ್ತಿದ ಕೂಡಲೇ ಪರದೆ ಬರುತ್ತದೆ, ಅವ್ವ ಎದ್ದು ಹೋಗುವುದಿಲ್ಲ. ಮೂರು ಮೀಟರಿನ ಕೇಬಲನ್ನು ಅಂಗಡಿಯವರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.