ರಿಪ್ಲೈ ಒತ್ತಿದರೆ ಯಾರಿಗೆ ಹೋಗುತ್ತೆ?

ಬೆಳಿಗ್ಗೆ ಏಳು ಗಂಟೆಗೆ ನಮ್ಮ ಕಾಲೇಜು ಗುಂಪಿಗೆ ಗಿರೀಶ ಹಾಕಿದ ಫಾರ್ವರ್ಡ್‌ನಿಂದ ಶುರುವಾಯ್ತು.

ಗಿರೀಶ: *ಎಚ್ಚರ!! ಒಂದೇ ಒಂದು ಇಮೇಲ್‌ನಿಂದ ಇಂಗ್ಲೆಂಡಿನ ಆಸ್ಪತ್ರೆಗಳೆಲ್ಲ ಬಂದ್! ಎಲ್ಲರಿಗೂ ಕಳಿಸಿ.*

ಗಿರೀಶ: ನಮ್ಮ ಆಫೀಸಲ್ಲೂ ನಿನ್ನೆ ಇದೇ ಗೋಳು. ಒಬ್ಬ ಎಲ್ಲರಿಗೂ 'ಥ್ಯಾಂಕ್ಸ್' ಅಂದ, ಹಿಂದೆಯೇ ಅರವತ್ತು ಥ್ಯಾಂಕ್ಸ್.

ಶಶಿ: ಆಧಾರ?

ಗಿರೀಶ: ಬಂದಿದ್ದನ್ನ ಕಳಿಸಿದೆ ಮಾರಾಯ.

ಶಶಿ: ನಿಂದು ಯಾವಾಗಲೂ ಇದೇ. 2016ರ ನವೆಂಬರ್ 14. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ ಒಂದು ಟೆಸ್ಟ್ ಮೇಲ್ ಸುಮಾರು 8.4 ಲಕ್ಷ ಜನಕ್ಕೆ ಹೋಯ್ತು. ಆಸ್ಪತ್ರೆ ಯಾವುದೂ ಬಂದ್ ಆಗಲಿಲ್ಲ, ಮೇಲ್ ನಿಧಾನ ಆಯ್ತು. ಅದೂ 'ನನ್ನ ಹೆಸರು ತೆಗೀರಿ' ಅಂತ ಜನ ಎಲ್ಲರಿಗೂ ರಿಪ್ಲೈ ಒತ್ತಿದ್ದಕ್ಕೆ.

ಮೇಷ್ಟ್ರು: ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾವು ಕಾಗದ ಬರೆದರೆ ಅಂಟಿಸುವ ಮುಂಚೆ ಎರಡು ಸಲ ಓದುತ್ತಿದ್ದೆವು.

ಮಂಜ: ಸರ್ 🙏 ಬಸ್ ಸ್ಟ್ಯಾಂಡ್ ಎದುರಿನ ಸೈಬರ್ ಕೆಫೆ ನೆನಪಾಯ್ತು. ಗಂಟೆಗೆ ಇಪ್ಪತ್ತು ರೂಪಾಯಿ. ನಮ್ಮ ಯಾಹೂ ಗ್ರೂಪ್, ಅದೇ ನಮ್ಮ ಹಳೇ ಇಮೇಲ್ ಗುಂಪು, ತೆರೆಯೋದ್ರಲ್ಲೇ ಕಾಲು ಗಂಟೆ ಹೋಗೋದು. ಒಂದು ಸಾಲು ಉತ್ತರ, ಅದರ ಕೆಳಗೆ ಹಳೇ ಹತ್ತು ಮೇಲಿನ ಬಾಲ!

ಶಶಿ: ಆ ಬಾಲ ಕತ್ತರಿಸಿ ಅಂತ ಬಡ್ಕೊಂಡೆ. ಉತ್ತರಕ್ಕೆ ಬೇಕಾದಷ್ಟು ಮಾತ್ರ ಉಳಿಸಬೇಕು. ಇಂಟರ್ನೆಟ್ ಶಿಷ್ಟಾಚಾರದ ಕೈಪಿಡಿ, 1995ರ ಆರ್‌ಎಫ್‌ಸಿ 1855ರಲ್ಲೇ ಇದೆ.

ಮಂಜ: ನಿನ್ನ ರೂಲ್ಸಿಗೇ ಗ್ರೂಪ್ ಸತ್ತಿದ್ದು.

ಶಶಿ: ಮುಚ್ಚಿದ್ದು ಯಾಹೂ. 2020ರ ಡಿಸೆಂಬರಲ್ಲಿ.

ಸುಮಾ: ಶಶಿ, ರಿಪ್ಲೈ ಒತ್ತಿದ್ರೆ ಇಡೀ ಗುಂಪಿಗೆ ಹೋಗೋ ಹಾಗೆ ಸೆಟ್ಟಿಂಗ್ ಇಟ್ಟಿದ್ದು ಯಾರು?

ಎರಡು ನಿಮಿಷ ಯಾರೂ ಮಾತಾಡಲಿಲ್ಲ.

ಸುಮಾ: 2004. ಗಿರೀಶ ಗುಂಪಲ್ಲಿ 'ಊರಿಗೆ ಬಂದಿದ್ದೀನಿ' ಅಂತ ಬರೆದಿದ್ದ. ಅವನೊಬ್ಬನಿಗೇ ಅಂದ್ಕೊಂಡು ರಿಪ್ಲೈ ಒತ್ತಿ, ಅಪ್ಪನ ಆಪರೇಷನ್‌ಗೆ ಸಾಲ ಕೇಳಿದೆ. ಎಲ್ಲರೂ ಓದಿದ್ರಿ. ಶಶಿ, ನೀನು 'ಇದು ಗುಂಪಿನ ವಿಷಯ ಅಲ್ಲ' ಅಂತ ಎಲ್ಲರ ಮುಂದೇ ಪಾಠ ಹೇಳಿದೆ.

ಗಿರೀಶ: ನಾನು ದುಡ್ಡು ಕೊಟ್ಟಿದ್ದೆನಲ್ಲ.

ಸುಮಾ: ಕೊಟ್ಟೆ. ಅದನ್ನೂ ಗುಂಪಲ್ಲೇ ಬರೆದೆ.

ಮೇಷ್ಟ್ರು: ಹಳೆಯದನ್ನು ಕೆದಕಬಾರದಮ್ಮ.

ಸುಮ್ಮನಿರಲು ನನಗೆ ಆಗಲಿಲ್ಲ. ಸುಮಾ ಆಗ ನನ್ನ ರೂಮ್‌ಮೇಟ್. ಆ ಇಡೀ ವಾರ ಅವಳು ಕೆಫೆ ಕಡೆ ತಲೆ ಹಾಕಿರಲಿಲ್ಲ, ಫೋನ್ ಬಂದರೆ ನನ್ನ ಕೈಗೆ ಕೊಡುತ್ತಿದ್ದಳು. ಬೇರೆಯವರ ಖಾಸಗಿ ಕಾಗದ ತಪ್ಪಿ ನಮ್ಮ ಕೈಗೆ ಬಂದರೆ ಅವರಿಗೆ ಮಾತ್ರ ಬರೆದು ತಿಳಿಸಬೇಕು. ಅಷ್ಟು ಮರ್ಯಾದೆ ಅವತ್ತು ಅವಳಿಗೆ ನಮ್ಮಲ್ಲಿ ಒಬ್ಬರಿಂದಲೂ ಸಿಗಲಿಲ್ಲ. ನಾನು ಆರ್‌ಎಫ್‌ಸಿ 1855 ತೆರೆದು ಓದಿದೆ.

ನಾನು: ಶಶಿ, ನೀನು ಹೇಳಿದ ಆರ್‌ಎಫ್‌ಸಿಯಲ್ಲೇ ಇನ್ನೊಂದು ಮಾತೂ ಇದೆ. ಖಾಸಗಿ ಮೇಲ್ ಗುಂಪಿಗೆ ಬಿದ್ದರೆ ಆ ವ್ಯಕ್ತಿಗೂ ಗುಂಪಿಗೂ ಕ್ಷಮೆ ಕೇಳಬೇಕು ಅಂತ. ಅವಳಿಂದ ತಪ್ಪಿ ಬಿದ್ದಿದ್ದು ನಿನ್ನ ಸೆಟ್ಟಿಂಗ್‌ನಿಂದ.

ಮಂಜ: ಬಿಡ್ರೋ, ಮೆಸ್ಸಿನ ಭಾನುವಾರದ ಪಲಾವ್ ನೆನಪಿದ್ಯಾ?

ಶಶಿ ಟೈಪ್ ಮಾಡ್ತಿದ್ದಾನೆ ಅಂತ ಬಂತು, ನಿಂತಿತು, ಮತ್ತೆ ಬಂತು, ನಿಂತಿತು. ಗುಂಪಿಗೆ ಏನೂ ಬರಲಿಲ್ಲ.

ಸುಮಾ: ನನಗೆ ಬೇರೆಯಾಗಿ ಸಾರಿ ಕಳಿಸಿದ್ದೀಯ. ನೋಡಿದೆ. ಇಲ್ಲಿ ಬರಿ ಶಶಿ.