ಅರಿಶಿನದ ಕ್ಯಾಪ್ಸೂಲ್‌ಗೆ ಕಾಳುಮೆಣಸು ಯಾಕೆ?

ಸಾರಿನ ಪಾತ್ರೆ:
ಅಮ್ಮನಿಗೆ 64 ವರ್ಷ, ಮಂಡಿ ನೋವು. ಪಕ್ಕದ ಮನೆ ಆಂಟಿ ಹೇಳಿದರು ಅಂತ ಕರ್ಕ್ಯುಮಿನ್ (ಅರಿಶಿನದಲ್ಲಿರುವ ಅಂಶ) ಕ್ಯಾಪ್ಸೂಲ್ ತರಿಸಿಕೊಂಡಿದ್ದಾರೆ. ಡಬ್ಬಿ ಮೇಲೆ ಕರ್ಕ್ಯುಮಿನ್ 500 ಮಿಲಿಗ್ರಾಂ, ಪೈಪರಿನ್ 5 ಮಿಲಿಗ್ರಾಂ ಅಂತ ಇದೆ. ಪೈಪರಿನ್ ಅಂದರೆ ಕಾಳುಮೆಣಸಿನದ್ದು ಅಲ್ವಾ? ಅದು ಯಾಕೆ ಬೇಕು? ಅಮ್ಮ ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮಾತ್ರೆ ಬೇರೆ ತಗೊಳ್ಳುತ್ತಾರೆ. ಕೇಳಿದರೆ "ದಿನಾ ಸಾರಿಗೆ ಹಾಕೋದೇ ತಾನೇ" ಅನ್ನುತ್ತಾರೆ.

ಫಾರ್ಮಾ ಪಿಜಿ:
ಇದರ ಕಥೆ ನಮ್ಮ ಬೆಂಗಳೂರಿನದ್ದೇ. 1998ರಲ್ಲಿ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನ ಫಾರ್ಮಕಾಲಜಿ ವಿಭಾಗದವರು ಕೆಲವರಿಗೆ 2 ಗ್ರಾಂ ಕರ್ಕ್ಯುಮಿನ್ ಕೊಟ್ಟು ನೋಡಿದರು. ರಕ್ತದಲ್ಲಿ ಸಿಕ್ಕಿದ್ದು ಇಲ್ಲವೇ ಇಲ್ಲ ಅನ್ನುವಷ್ಟು. ಜೊತೆಗೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ ಶೇ 2000ರಷ್ಟು ಜಾಸ್ತಿ ಆಯ್ತು. ಎಲ್ಲ ಡಬ್ಬಿಗಳ ಮೇಲೂ ಇದೇ 2000 ಮೆರೆಯುತ್ತಿರುತ್ತದೆ. ಆದರೆ ಶುರುವಿನಲ್ಲಿ ಇದ್ದದ್ದೇ ಚೂರು, ಅದು ಎಷ್ಟು ಪಟ್ಟಾದರೇನು!

ಕರ್ಕ್ಯುಮಿನ್ ಹೊಟ್ಟೆಗೆ ಹೋದ ಕೂಡಲೇ ಕರುಳು, ಲಿವರ್ ಎರಡೂ ಸೇರಿ ಅದನ್ನು ಹೊರಗೆ ಹಾಕುವ ಕೆಲಸಕ್ಕೆ ಇಳಿಯುತ್ತವೆ. ಪೈಪರಿನ್ ಆ ಕೆಲಸಕ್ಕೆ ಅಡ್ಡ ಬರುತ್ತದೆ. ತೊಂದರೆ ಇರುವುದೂ ಅಲ್ಲೇ. ಅದು ಕರ್ಕ್ಯುಮಿನ್ ಒಂದಕ್ಕೇ ಅಡ್ಡ ಬಂದು ಸುಮ್ನಿರುವುದಿಲ್ಲ, ಫಿಟ್ಸ್‌ಗೆ ಕೊಡುವ ಫೆನಿಟೋಯಿನ್, ಬಿಪಿಗೆ ಕೊಡುವ ಪ್ರೊಪ್ರನೊಲಾಲ್ ಥರದ ಮಾತ್ರೆಗಳೂ ಇದರಿಂದ ರಕ್ತದಲ್ಲಿ ಜಾಸ್ತಿ ಆಗುತ್ತವೆ. ವಾರ್ಫರಿನ್ ಇದ್ದರೆ ಡಾಕ್ಟರನ್ನು ಕೇಳದೆ ಮುಟ್ಟಲೇಬೇಡಿ.

ಹಳ್ಳಿಮನೆ:
ಎಲ್ಲದಕ್ಕೂ ಹೆದರಿಸುತ್ತೀರಪ್ಪ. ಅರಿಶಿನ ಗಾಯ ಮಾಯಿಸುತ್ತೆ ಅಂತ 1995ರಲ್ಲಿ ಅಮೆರಿಕದವರು ಪೇಟೆಂಟ್ ತಗೊಂಡಿದ್ದರು, ನಮ್ಮ ದೇಶದ ವಿಜ್ಞಾನ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್ ಜಗಳ ಆಡಿ 1997ರಲ್ಲಿ ರದ್ದು ಮಾಡಿಸಿತು. ಸುಮ್ನೆ ಮಾಡಿಸಿದರಾ?

ಫಾರ್ಮಾ ಪಿಜಿ:
ರದ್ದಾಗಿದ್ದು ಅದು ನಮಗೆ ಮೊದಲೇ ಗೊತ್ತಿದ್ದ ವಿಷಯ ಅಂತ. ಕ್ಯಾಪ್ಸೂಲ್ ನುಂಗಿದರೆ ಒಳ್ಳೆಯದು ಅಂತ ಅಲ್ಲಿ ಯಾರೂ ಹೇಳಿಲ್ಲ. ಲೆಕ್ಕ ಹಾಕಿ ನೋಡಿ. ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಸುಮಾರು ಶೇ 3. ಒಂದು ಟೀ ಚಮಚ ಪುಡಿ 3 ಗ್ರಾಂ ಅಂದುಕೊಂಡರೆ 90 ಮಿಲಿಗ್ರಾಂ. ಅಮ್ಮನ ಒಂದು ಕ್ಯಾಪ್ಸೂಲ್ ಅಂದರೆ ಐದು ಚಮಚದ ಮೇಲಾಯ್ತು. ಅಷ್ಟು ಹಾಕಿದ ಸಾರನ್ನು ಯಾರಾದರೂ ಬಾಯಿಗೆ ಇಡುತ್ತಾರಾ?

ಕಾಫಿ ಬೀಜ:
ನಮ್ಮ ಚಿಕ್ಕಪ್ಪ ಇಂಥದ್ದೇ ಒಂದು ಕ್ಯಾಪ್ಸೂಲ್ ಎರಡು ತಿಂಗಳು ತಗೊಂಡರು. ಕಣ್ಣು ಹಳದಿ ಆಯ್ತು. ಅರಿಶಿನ ತಿಂದು ಹಳದಿ ಆದೆ ಅಂತ ಅವರೇ ತಮಾಷೆ ಮಾಡಿಕೊಂಡು ಓಡಾಡುತ್ತಿದ್ದರು, ಟೆಸ್ಟ್ ಮಾಡಿಸಿದರೆ ಲಿವರ್‌ಗೆ ಪೆಟ್ಟಾಗಿತ್ತು. ನಿಲ್ಲಿಸಿದ ಮೇಲೆ ಸರಿಹೋಯ್ತು. ಅದರಿಂದಲೇ ಆಯ್ತು ಅಂತ ಖಡಾಖಂಡಿತವಾಗಿ ಹೇಳೋಕೆ ನಾನು ಡಾಕ್ಟರ್ ಅಲ್ಲ. ಆದರೆ ಅಮೆರಿಕದಲ್ಲಿ ಇಂಥ 10 ಜನರ ವರದಿ 2022ರಲ್ಲಿ ಬಂದಿದೆ, ಅವರಲ್ಲಿ ಒಬ್ಬರು ತೀರಿಕೊಂಡರು.

ಸಾರಿನ ಪಾತ್ರೆ:
ಎಲ್ಲರಿಗೂ ಥ್ಯಾಂಕ್ಸ್. ಡಬ್ಬಿಯ ಫೋಟೋ ಡಾಕ್ಟರಿಗೆ ಕಳಿಸಿದೆ. ಇವತ್ತೇ ನಿಲ್ಲಿಸಿ ಅಂದರು, ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಬೇಕು ಅಂತ ನೋಡುವ ಐಎನ್‌ಆರ್ ಟೆಸ್ಟ್ ಬರೆದುಕೊಟ್ಟಿದ್ದಾರೆ. ಅಮ್ಮನಿಗೆ ಮಾತ್ರ ದುಡ್ಡು ಕೊಟ್ಟು ತಂದಿದ್ದು ವೇಸ್ಟ್ ಆಯ್ತಲ್ಲ ಅಂತ ಸಂಕಟ. ಮಿಕ್ಕಿದ್ದನ್ನು ಒಡೆದು ಗುಲಾಬಿ ಗಿಡಕ್ಕೆ ಹಾಕಬಹುದಾ ಅಂತ ಕೇಳುತ್ತಿದ್ದಾರೆ, ಯಾರಿಗಾದರೂ ಗೊತ್ತಾ?